ನಾಡಿಗ: ಹುದ್ದೆಯೊಂದು ಮನೆತನದ ಹೆಸರಾದ ಬಗೆ

ನಾಡಿಗ್ ಎಂಬ ಅಡ್ಡಹೆಸರನ್ನು ಮೊದಲ ಸಲ ಕೇಳಿದವರಿಗೆ ವೈದ್ಯರು ಹಿಡಿದು ನೋಡುವ ನಾಡಿ ನೆನಪಾಗುವುದು ಸಹಜ. ರೋಮನ್ ಲಿಪಿಯಲ್ಲಷ್ಟೇ ಆ ಹೆಸರನ್ನು ಕಂಡ ಹೊರನಾಡಿನವರು ‘ನದಿಗ್’ ಎಂದು ಓದಿ ಹೊಳೆಯೊಡನೆ ನಂಟು ಕಟ್ಟುವುದೂ ಉಂಟು. ಈ ಎರಡೂ ಅರ್ಥಗಳು ಆ ಹೆಸರಿಗೆ ಸಲ್ಲುವುದಿಲ್ಲ. ನಾಡಿಗ ಎಂಬುದು ನಾಡು ಎನ್ನುವ ಪದದಿಂದ ಹುಟ್ಟಿದ ಹುದ್ದೆಯ ಹೆಸರು. ಹಲವು ಊರುಗಳು ಕೂಡಿ ಆಗುತ್ತಿದ್ದ ನಾಡು ಎಂಬ ಆಡಳಿತ ವಿಭಾಗದ ಲೆಕ್ಕಪತ್ರ ಮತ್ತು ಕಂದಾಯದ ಹೊಣೆ ಹೊತ್ತವನನ್ನು ಜನ ಹಾಗೆ ಕರೆಯುತ್ತಿದ್ದರು. ಕುಲಕರ್ಣಿ, ಪಾಟೀಲ, ದೇಸಾಯಿ ಮುಂತಾದ ಹೆಸರುಗಳಂತೆ ಇದೂ ಅಧಿಕಾರದಿಂದಲೇ ಬಂದದ್ದಾದರೂ, ಅವುಗಳಷ್ಟು ಹರಡಲಿಲ್ಲ. ಹಾಗೇಕೆ ಹರಡಲಿಲ್ಲ ಎಂಬುದಕ್ಕೆ ಉತ್ತರ ಬಹುಮಟ್ಟಿಗೆ ಆ ಪದದ ಅರ್ಥದಲ್ಲಿಯೇ ಅಡಗಿದೆ.

ಇಂದು ನಾಡು ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಇಡೀ ಕನ್ನಡ ನಾಡು, ಇಲ್ಲವೇ ಕಾಡಿಗೆ ಎದುರಾದ ಜನವಸತಿಯ ನೆಲ. ಶಾಸನಗಳ ಕಾಲದಲ್ಲಿ ಅದಕ್ಕೆ ಇನ್ನೂ ಖಚಿತವಾದ, ಗಡಿ ಹಾಕಿದಂಥ ಅರ್ಥವಿತ್ತು. ಬನವಾಸಿ ಪನ್ನಿರ್ಛಾಸಿರ ಅಂದರೆ ಬನವಾಸಿ 12000, ಗಂಗವಾಡಿ 96000, ನೊಳಂಬವಾಡಿ 32000, ಬೆಳ್ವೊಲ 300, ಪುಲಿಗೆರೆ 300 ಎಂದು ಪ್ರದೇಶಗಳ ಹೆಸರಿನ ಜೊತೆಗೆ ಅಂಕಿಗಳನ್ನು ಸೇರಿಸಿ ಹೇಳುವುದು ಅಂದಿನ ರೂಢಿ. ಈ ಅಂಕಿ ಊರುಗಳ ಎಣಿಕೆಯೋ ಆದಾಯದ ಅಳತೆಯೋ ಎಂಬ ಚರ್ಚೆ ವಿದ್ವಾಂಸರ ನಡುವೆ ಬಹುಕಾಲದಿಂದ ನಡೆದಿದೆ. ಅಂಥ ದೊಡ್ಡ ಪ್ರಾಂತಗಳ ಒಳಗೆ ಚಿಕ್ಕ ಚಿಕ್ಕ ನಾಡುಗಳಿದ್ದವು, ನಾಡಿನೊಳಗೆ ಊರುಗಳಿದ್ದವು. ಊರಿಗೆ ಮುಖ್ಯಸ್ಥನಾಗಿ ಊರಗಾವುಂಡನಿದ್ದಂತೆ ನಾಡಿಗೆ ನಾಳ್ಗಾವುಂಡನಿರುತ್ತಿದ್ದನು.

ನಾಡಿನ ಅಧಿಕಾರ ಹೇಗೆ ಮನೆಯೊಳಗೆ ಉಳಿಯುತ್ತಿತ್ತು ಎಂಬುದನ್ನು ಕಾಣಲು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಜಕ್ಕಿಯಬ್ಬೆಯ ಶಾಸನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯ ಕಾಲದಲ್ಲಿ, ನಾಗರಖಂಡ 70ರ ನಾಳ್ಗಾವುಂಡನಾಗಿದ್ದ ಗಂಡನು ತೀರಿಕೊಂಡಾಗ ಆ ಹೊಣೆ ಜಕ್ಕಿಯಬ್ಬೆಗೆ ಬಂತು. ಆಕೆ ನಾಡನ್ನು ಸಮರ್ಥವಾಗಿ ನಡೆಸಿದಳು. ಮುಂದೆ ರೋಗಕ್ಕೆ ತುತ್ತಾದಾಗ ಅಧಿಕಾರವನ್ನು ಮಗಳ ಕೈಗೆ ಒಪ್ಪಿಸಿ, ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳು. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗಳಿಗೆ ಹೀಗೆ ಒಂದೇ ಮನೆಯಲ್ಲಿ ಸಾಗಿದ ಅಧಿಕಾರವೇ ಮುಂದಿನ ಶತಮಾನಗಳಲ್ಲಿ ಮನೆತನದ ಹೆಸರುಗಳಿಗೆ ನೆಲೆಯಾಯಿತು.

ಪದದ ಎರಡನೆಯ ಭಾಗ ‘ಇಗ’ ಎಂಬ ತದ್ಧಿತ ಪ್ರತ್ಯಯ, ಅಂದರೆ ನಾಮಪದಕ್ಕೆ ಹತ್ತಿ ಹೊಸ ಪದ ಮಾಡುವ ಪ್ರತ್ಯಯ. ಗಾಣ ನಡೆಸುವವನು ಗಾಣಿಗ, ಒಕ್ಕಲುತನ ಮಾಡುವವನು ಒಕ್ಕಲಿಗ, ಲೆಕ್ಕ ಬರೆಯುವವನು ಲೆಕ್ಕಿಗ, ಕಬ್ಬ ಅಂದರೆ ಕಾವ್ಯ ಕಟ್ಟುವವನು ಕಬ್ಬಿಗ, ಕನ್ನಡದವನು ಕನ್ನಡಿಗ. ಇದೇ ಸಾಲಿನಲ್ಲಿ ನಾಡಿನವನು, ನಾಡಿಗೆ ಸಂಬಂಧಪಟ್ಟವನು ನಾಡಿಗ. ಈ ಪ್ರತ್ಯಯ ಸಂಬಂಧವನ್ನಷ್ಟೇ ಹೇಳುತ್ತದೆಯೇ ಹೊರತು ಆ ಸಂಬಂಧ ಯಾವ ಬಗೆಯದು ಎಂಬುದನ್ನು ಹೇಳುವುದಿಲ್ಲ. ಆದುದರಿಂದಲೇ ನಾಡಿಗ ಎಂಬ ಪದಕ್ಕೆ ನಾಡಿನ ಮುಖ್ಯಸ್ಥ ಎಂದು ಒಂದು ಕಡೆ, ನಾಡಿನ ಲೆಕ್ಕಾಧಿಕಾರಿ ಎಂದು ಇನ್ನೊಂದು ಕಡೆ ಅರ್ಥ ಹೇಳುವುದು ಕಂಡುಬರುತ್ತದೆ. ಮನೆತನದ ಹೆಸರಾಗಿ ಉಳಿದ ನಾಡಿಗದ ಹಿಂದೆ ಇರುವುದು ಹೆಚ್ಚಾಗಿ ಎರಡನೆಯ ಅರ್ಥವೇ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಈ ಹೆಸರಿನ ಮನೆಗಳು ಬಹುಪಾಲು ಶಾನುಭೋಗಿಕೆ, ಕರಣಿಕ ವೃತ್ತಿಗಳಲ್ಲಿದ್ದಂಥ ಬರಹ ಬಲ್ಲ ಬ್ರಾಹ್ಮಣ ಮನೆಗಳು; ನಾಡಿನ ಒಡೆತನ ಸೂಚಿಸಲು ನಾಡಗೌಡ, ನಾಡಪ್ರಭು ಎಂಬ ಬೇರೆ ಪದಗಳೇ ಬಳಕೆಯಲ್ಲಿದ್ದವು.

ನಾಡಿ ನೋಡುವ ವೈದ್ಯನಿಂದ ಈ ಹೆಸರು ಬಂದಿರಲಾರದೇ ಎಂಬ ಸಂಶಯಕ್ಕೂ ಇಲ್ಲಿಯೇ ಉತ್ತರ ಹೇಳಬಹುದು. ಕಿವಿಗೆ ಎರಡೂ ಒಂದೇ ಆಗಿ ಕೇಳುವುದರಿಂದ ಶಬ್ದರೂಪವೊಂದನ್ನೇ ಹಿಡಿದು ತೀರ್ಮಾನ ಮಾಡುವುದು ಕಷ್ಟ. ಆದರೆ ನಾಡಿ ನೋಡುವವರನ್ನು ನಮ್ಮ ಜನ ವೈದ್ಯ, ಪಂಡಿತ ಎಂದು ಕರೆದರು, ಆ ಹೆಸರುಗಳೇ ಅವರ ಮನೆಗಳಿಗೂ ನಿಂತವು. ಅತ್ತ ನಾಡಗೌಡ, ನಾಡಕರ್ಣಿ ಎಂಬ ಒಡಹುಟ್ಟಿನ ಹೆಸರುಗಳು ನಾಡು ಎಂಬ ಮೂಲವನ್ನು ಸ್ಪಷ್ಟವಾಗಿ ತೋರಿಸುತ್ತ ನಾಡಿಗದ ಪಕ್ಕದಲ್ಲಿ ನಿಂತಿವೆ.

ನಾಡಿಗನ ಕೈಯಲ್ಲಿ ಇರುತ್ತಿದ್ದ ವಸ್ತುವನ್ನು ನೆನೆದರೆ ಅವನ ಕೆಲಸ ಕಣ್ಣಿಗೆ ಕಟ್ಟುತ್ತದೆ. ಅದು ಕಡತ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಕಲಸಿದ ಕಪ್ಪನ್ನು ಬಳಿದು, ಒಣಗಿಸಿ, ಹಲಗೆಯಂತೆ ಗಟ್ಟಿಯಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ ಇಡುತ್ತಿದ್ದರು. ಅದರ ಮೇಲೆ ಬಳಪದ ಕಡ್ಡಿಯಿಂದ ಬರೆದರೆ ಕರಿಯ ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತಿದ್ದವು. ಒಂದು ಮಡಿಕೆ ಬಿಚ್ಚಿದರೆ ಒಂದು ಊರಿನ ಗದ್ದೆ, ಇನ್ನೊಂದು ಮಡಿಕೆ ಬಿಚ್ಚಿದರೆ ಅಡಿಕೆ ತೋಟ, ಮತ್ತೊಂದರಲ್ಲಿ ಸಂದಾಯವಾದದ್ದು, ಉಳಿದ ಬಾಕಿ. ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತಾದ್ದರಿಂದ ಅದನ್ನು ಹಿಡಿದವನ ಪ್ರಾಮಾಣಿಕತೆಯ ಮೇಲೆಯೇ ಎಲ್ಲವೂ ನಿಂತಿತ್ತು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ದೊಡ್ಡ ಸಂಖ್ಯೆಯಲ್ಲಿ ಉಳಿದಿದ್ದು, ಮಲೆನಾಡಿನ ಚರಿತ್ರೆ ಬರೆಯುವವರಿಗೆ ಅವು ಮುಖ್ಯ ಆಕರಗಳಾಗಿವೆ. ಬಟ್ಟೆಯ ಕಡತ ಹೋಗಿ ಕಾಗದ ಬಂದು, ಈಗ ಕಾಗದವೂ ಹೋಗಿ ಕಂಪ್ಯೂಟರ್ ಬಂದಿದ್ದರೂ ಸರ್ಕಾರಿ ಕಚೇರಿಗಳಲ್ಲಿ ಇಂದಿಗೂ ‘ಕಡತ ಮಂಡಿಸಿದೆ’, ‘ಕಡತ ವಿಲೇವಾರಿಯಾಗಿದೆ’ ಎಂದೇ ಬರೆಯುತ್ತಾರೆ.

ಊರಿನ ಮಟ್ಟದಲ್ಲಿ ಈ ಕೆಲಸ ಶಾನುಭೋಗನದು. ಊರೂರಿನ ಶಾನುಭೋಗರು ಕೊಟ್ಟ ಲೆಕ್ಕಗಳನ್ನು ಒಂದೆಡೆ ಕೂಡಿಸಿ, ತಾಳೆ ನೋಡಿ, ನಾಡಿನ ಒಟ್ಟು ಹುಟ್ಟುವಳಿ ಇಷ್ಟು, ಅರಮನೆಗೆ ಸಲ್ಲಬೇಕಾದದ್ದು ಇಷ್ಟು ಎಂದು ಹೇಳುವುದು ನಾಡಿಗನದು. ಇದಕ್ಕೆ ಪ್ರತಿಫಲ ತಿಂಗಳ ಸಂಬಳವಾಗಿರಲಿಲ್ಲ. ಉಂಬಳಿಯಾಗಿ ಬಿಟ್ಟ ಭೂಮಿ ಮತ್ತು ವಸೂಲಿಯಲ್ಲಿ ಒಂದು ಪಾಲು. ಭೂಮಿ ಮಗನಿಗೆ ಬರುತ್ತಿದ್ದುದರಿಂದ ಹುದ್ದೆಯೂ ಮಗನಿಗೆ ಬಂತು, ಹುದ್ದೆಯ ಜೊತೆಯಲ್ಲಿ ಹೆಸರೂ ಬಂತು. ಹುದ್ದೆ ಮಾಡುತ್ತಿದ್ದವನು ಮನೆಯಲ್ಲಿ ಒಬ್ಬನೇ ಆದರೂ ಅಣ್ಣತಮ್ಮಂದಿರ ಮಕ್ಕಳೆಲ್ಲ ಊರವರ ಬಾಯಲ್ಲಿ ‘ನಾಡಿಗರ ಮನೆಯವರು’ ಆದರು. ಮೊದಲು ವ್ಯಕ್ತಿಗೆ, ಆಮೇಲೆ ಮನೆಗೆ, ಕೊನೆಗೆ ಕುಲಕ್ಕೆ, ಹೀಗೆ ಮೂರು ಹೆಜ್ಜೆಯಲ್ಲಿ ಹುದ್ದೆ ಅಡ್ಡಹೆಸರಾಯಿತು.

ಈ ಎರಡನೆಯ ಹೆಜ್ಜೆಯ ಗುರುತು ನಾಡಿಗೇರ ಎಂಬ ಇನ್ನೊಂದು ರೂಪದಲ್ಲಿ ಹಾಗೆಯೇ ಉಳಿದುಕೊಂಡಿದೆ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ. ಉತ್ತರ ಕರ್ನಾಟಕದ ಯಾವ ಊರಿಗೆ ಹೋದರೂ ಬಡಿಗೇರ ಓಣಿ, ಗಾಣಿಗೇರ ಓಣಿ ಎಂಬ ಹೆಸರುಗಳು ಕಿವಿಗೆ ಬೀಳುತ್ತವೆ. ಬಡಿಗ ಎಂಬುದರ ಬಹುವಚನ ಬಡಿಗರು, ಅವರ ಮನೆ ಬಡಿಗರ ಮನೆ. ಆ ‘ಬಡಿಗರ’ ಎಂಬುದೇ ಮಾತಿನಲ್ಲಿ ಎಳೆದು ಬಡಿಗೇರ ಆಯಿತು, ಮುಂದಿನ ‘ಮನೆ’ ಬಿದ್ದುಹೋಗಿ ಬಡಿಗೇರ ಎಂಬ ಅಡ್ಡಹೆಸರಷ್ಟೇ ನಿಂತಿತು. ಗಾಣಿಗೇರ ಆದದ್ದೂ ಹೀಗೆಯೇ. ನಾಡಿಗೇರ ಕೂಡ ನಾಡಿಗರ ಮನೆಯಿಂದ ಬಂದ ಹೆಸರು. ಬರಹಗಾರ ನಾಡಿಗೇರ ಕೃಷ್ಣರಾಯರ ಹೆಸರಿನಲ್ಲಿ ಇದನ್ನು ಕಾಣಬಹುದು. ಕವಿ ಸುಮತೀಂದ್ರ ನಾಡಿಗರ ಹೆಸರಿನಲ್ಲಿ ಮನೆಯ ಸೂಚನೆಯಿಲ್ಲದ ನೇರ ರೂಪವಿದೆ. ಎರಡೂ ಬೇರೆ ಬೇರೆ ಹೆಸರುಗಳೆಂದು ತಿಳಿಯುವುದಕ್ಕಿಂತ ಒಂದೇ ಪದದ ಎರಡು ವಿಭಕ್ತಿರೂಪಗಳೆಂದು ತಿಳಿಯುವುದು ಹೆಚ್ಚು ಸರಿ.

ನಾಡಕರ್ಣಿ ಎಂಬುದು ನಾಡಿನ ಕರಣಿಕ ಎಂಬುದರಿಂದ ಬಂದದ್ದು. ಕರಣಿಕ ಎಂದರೆ ಲೆಕ್ಕ ಬರೆಯುವವನು. ಅರ್ಥದಲ್ಲಿ ನಾಡಿಗನಿಗೂ ನಾಡಕರ್ಣಿಗೂ ವ್ಯತ್ಯಾಸ ಕಡಿಮೆ, ಆದರೆ ನಾಡಕರ್ಣಿಯರು ಹೆಚ್ಚಾಗಿ ಕರಾವಳಿ ಮತ್ತು ಗೋವೆಯ ಸಾರಸ್ವತರು. ಈ ಹೆಸರು ಕೊಂಕಣ, ಮಹಾರಾಷ್ಟ್ರಗಳಿಗೂ ಹಬ್ಬಿದೆ. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ಸತತವಾಗಿ 21 ಮೇಡನ್ ಓವರ್, ಅಂದರೆ ಒಂದೂ ರನ್ ಕೊಡದ ಓವರ್, ಎಸೆದ ಕ್ರಿಕೆಟಿಗ ಬಾಪು ನಾಡಕರ್ಣಿ ಹುಟ್ಟಿದ್ದು ನಾಸಿಕದಲ್ಲಿ. ಅಷ್ಟು ದೂರದವರೆಗೆ ಈ ಹೆಸರಿನೊಡನೆ ನಾಡು ಎಂಬ ಪದವೂ ಹೋಗಿದೆ. ಕರಾವಳಿಯ ನಾಡವ, ನಾಡವರು ಎಂಬ ಸಮುದಾಯವಾಚಕಗಳು ನಾಡು ಎಂಬುದರಿಂದಲೇ ಬಂದಿದ್ದರೂ ಹುದ್ದೆಯನ್ನು ಹೇಳುವುದಿಲ್ಲವಾದ್ದರಿಂದ ಅವನ್ನು ನಾಡಿಗದೊಡನೆ ಬೆರೆಸಬಾರದು.

ಇನ್ನು ಈ ಹೆಸರು ಏಕೆ ವಿರಳ ಎಂಬ ಪ್ರಶ್ನೆ. ಊರಿಗೊಬ್ಬ ಶಾನುಭೋಗ, ಊರಿಗೊಬ್ಬ ಪಟೇಲ ಇದ್ದರೆ, ಅಂಥ ಹತ್ತಾರು ಊರುಗಳಿಗೆ ನಾಡಿಗ ಒಬ್ಬನೇ. ನಾಗರಖಂಡದ ಹೆಸರಿನ ಜೊತೆಗಿರುವ 70 ಎಂಬ ಅಂಕಿ ಊರುಗಳ ಎಣಿಕೆಯೇ ಎಂದು ಇಟ್ಟುಕೊಂಡು ನೋಡಿದರೆ, ಲೆಕ್ಕ ಬರೆಯುವ 70 ಮನೆಗಳ ಮೇಲೆ ಅವನ್ನೆಲ್ಲ ಕೂಡಿಸುವ ಮನೆ ಒಂದೇ ಒಂದು. ಹುದ್ದೆ ವಂಶಪಾರಂಪರ್ಯವಾದ್ದರಿಂದ ಹೊಸ ಮನೆಗಳು ಆ ಹೆಸರನ್ನು ಪಡೆಯುವ ದಾರಿಯೂ ಇರಲಿಲ್ಲ. ಮೊದಲೇ ಕೆಲವಿದ್ದ ಮನೆಗಳು ಸಂತಾನದಿಂದ ಬೆಳೆದಷ್ಟೇ ಆ ಹೆಸರೂ ಬೆಳೆಯಿತು.

ಆದರೆ ಇದೊಂದೇ ಕಾರಣವಲ್ಲ. ಬಿಜಾಪುರದ ಸುಲ್ತಾನರ, ಮರಾಠರ ಆಡಳಿತ ನಡೆದ ಕಡೆಗಳಲ್ಲಿ ಇದೇ ಬಗೆಯ ಅಧಿಕಾರಕ್ಕೆ ದೇಸಾಯಿ, ದೇಶಪಾಂಡೆ ಎಂಬ ಹೆಸರುಗಳು ಬಲವಾಗಿ ನೆಲೆಗೊಂಡವು. ಪರಗಣ ಅಂದರೆ ಹಲವು ಊರುಗಳ ಕಂದಾಯ ವಿಭಾಗದ ಲೆಕ್ಕ ನೋಡುತ್ತಿದ್ದ ದೇಶಪಾಂಡೆ ತನ್ನ ಕೆಲಸದಲ್ಲಿ ನಾಡಿಗನೇ. ನಾಡಿಗ ಎಂಬ ಅಚ್ಚಗನ್ನಡದ ಹೆಸರು ಮುಖ್ಯವಾಗಿ ಮಲೆನಾಡು ಮತ್ತು ಅದರ ಅಂಚಿನ ಬಯಲುಸೀಮೆಯಲ್ಲಿ ಉಳಿಯಿತು. ಅಲ್ಲಿ ಅದಕ್ಕೆ ಇನ್ನೊಂದು ತೊಡಕು ಎದುರಾಯಿತು. ಹಳೆಯ ಮೈಸೂರು ಸೀಮೆಯವರಿಗೆ ಅಡ್ಡಹೆಸರು ಬರೆಯುವ ರೂಢಿ ಕಡಿಮೆ. ಊರಿನ ಮೊದಲ ಅಕ್ಷರ, ತಂದೆಯ ಹೆಸರಿನ ಮೊದಲ ಅಕ್ಷರ, ಆಮೇಲೆ ತನ್ನ ಹೆಸರು, ಅಷ್ಟೇ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಎರಡು ಇನಿಷಿಯಲ್‌ಗಳ ಹಿಂದೆ ಮನೆತನದ ಹೆಸರು ಒಮ್ಮೆ ಬಿಟ್ಟುಹೋದರೆ ಮುಂದಿನ ತಲೆಮಾರಿನ ಯಾವ ಕಾಗದದಲ್ಲಿಯೂ ಅದು ಮರಳಿ ಬರುವುದಿಲ್ಲ. ಇಂದು ನಾಡಿಗ್ ಎಂದು ಬರೆದುಕೊಳ್ಳುವವರಲ್ಲದೆ, ಹಾಗೆ ಬರೆದುಕೊಳ್ಳದೆ, ಊರಿನಲ್ಲಿ ಮಾತ್ರ ‘ನಾಡಿಗರ ಮನೆಯವರು’ ಎನಿಸಿಕೊಂಡು ಉಳಿದವರೂ ಇದ್ದಾರೆ ಎಂಬುದನ್ನು ಮರೆತು ಈ ಹೆಸರಿನ ವಿರಳತೆಯನ್ನು ಅಳೆಯಬಾರದು.

ಹುದ್ದೆ ಕಣ್ಮರೆಯಾದದ್ದು ನಿಧಾನವಾಗಿ. ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕು, ಹೋಬಳಿಗಳ ವ್ಯವಸ್ಥೆ ಬೇರೂರಿ, ಸಂಬಳ ಪಡೆಯುವ ಅಮಲ್ದಾರರು, ಶಿರಸ್ತೇದಾರರು, ಶೇಕದಾರರು ಬಂದಂತೆ ನಾಡಿಗನ ಮಣೆಯ ಮುಂದಿದ್ದ ಲೆಕ್ಕ ಅವರ ಮೇಜಿಗೆ ಹೋಯಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಪರಗಣ ಮತ್ತು ಕುಲಕರ್ಣಿ ವತನಗಳನ್ನು, ಅಂದರೆ ಹುದ್ದೆಗೆ ಅಂಟಿದ್ದ ವಂಶಪಾರಂಪರ್ಯದ ಹಕ್ಕುಗಳನ್ನು, 1950ರ ಕಾಯ್ದೆ ರದ್ದುಮಾಡಿತು. ದೇಸಾಯಿ, ದೇಶಪಾಂಡೆ, ನಾಡಗೌಡಿಕೆಗಳ ಹಕ್ಕು ಅದರೊಡನೆ ಮುಗಿಯಿತು. ಏಕೀಕರಣದ ಬಳಿಕ 1961ರಲ್ಲಿ ಆದ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಾಗ ಪಟೇಲ, ಶಾನುಭೋಗ ಹುದ್ದೆಗಳೂ ವಂಶಪಾರಂಪರ್ಯದಿಂದ ಬಿಡುಗಡೆಯಾದವು. ಕೂಡಿಸಲು ಕೆಳಗಿನ ಲೆಕ್ಕವೂ ಇಲ್ಲ, ಒಪ್ಪಿಸಲು ಮೇಲಿನ ಅರಮನೆಯೂ ಇಲ್ಲ ಎಂಬಂತಾಗಿ ನಾಡಿಗ ಎಂಬುದು ಕೇವಲ ಹೆಸರಾಯಿತು. ಆಡಳಿತ ವಿಭಾಗವೆಂಬ ಅರ್ಥದಲ್ಲಿ ನಾಡು ಮಾತ್ರ ಪೂರ್ತಿ ಅಳಿದಿಲ್ಲ. ಕೊಡಗಿನಲ್ಲಿ ನಾಡುಗಳ ಹೆಸರು ಇಂದಿಗೂ ಜನರ ಬಾಯಲ್ಲಿದೆ, ಕಕ್ಕಬೆಯ ಬಳಿಯ ನಾಲ್ಕುನಾಡು ಅರಮನೆ ಅದೇ ಹೆಸರನ್ನು ಹೊತ್ತು ನಿಂತಿದೆ. ಜಾತಿ, ಆದಾಯ ಪ್ರಮಾಣಪತ್ರಕ್ಕಾಗಿ ನಾವು ಹೋಗಿ ಸಾಲಿನಲ್ಲಿ ನಿಲ್ಲುವ ಹೋಬಳಿ ಮಟ್ಟದ ಕಚೇರಿಯ ಹೆಸರು ಕೂಡ ನಾಡಕಚೇರಿ.

ಹೆಸರಿನ ಉಚ್ಚಾರ ಮತ್ತು ಲಿಂಗದ ಬಗ್ಗೆ ಒಂದು ಮಾತು. ನಾಡಿಗ ಎಂಬುದೇ ಮೂಲ. ಕೊನೆಯ ಅಕಾರ ಬಿದ್ದು ನಾಡಿಗ್ ಆದದ್ದು ಇಂಗ್ಲಿಷ್ ಬರವಣಿಗೆಯ ಹಿಂದೆ. ಮೊದಲ ಅಕ್ಷರ ದೀರ್ಘ, ಎರಡನೆಯದು ‘ಡ’ಕಾರ. ಕನ್ನಡದಲ್ಲಿ ಬರೆಯುವಾಗ ನಾಡಿಗ, ಗೌರವಕ್ಕೆ ನಾಡಿಗರು ಎಂದು ಬರೆದರೆ ಪದದ ಮೈ ಪೂರ್ಣವಾಗಿರುತ್ತದೆ. ಇಗ ಪ್ರತ್ಯಯದ ಪದಗಳಿಗೆ ಹೆಣ್ಣಿನ ರೂಪವೂ ಇರುತ್ತದೆ: ಗಾಣಿಗನ ಹೆಂಡತಿ ಗಾಣಿಗಿತ್ತಿ, ಒಕ್ಕಲಿಗನ ಹೆಂಡತಿ ಒಕ್ಕಲಗಿತ್ತಿ. ಆದರೆ ಈ ಮನೆತನದ ಹೆಣ್ಣುಮಕ್ಕಳು ತಮ್ಮ ಹೆಸರಿನ ಮುಂದೆ ನಾಡಿಗ್ ಎಂದೇ ಬರೆಯುತ್ತಾರೆ, ಅದಕ್ಕೆ ಸ್ತ್ರೀಲಿಂಗದ ಪ್ರತ್ಯಯ ಹತ್ತುವುದಿಲ್ಲ. ಕೆಲಸ ಮಾಡುವವನನ್ನು ಹೇಳುವ ಪದಕ್ಕೆ ಲಿಂಗ ಬೇಕು, ಮನೆಯನ್ನು ಹೇಳುವ ಪದಕ್ಕೆ ಬೇಡ. ನಾಡಿಗ ಎಂಬುದು ಈಗ ಮನೆಯ ಹೆಸರು.