ರೀಪ್ರೋಗ್ರಾಮಿಂಗ್ ಅಂದರೆ ಫಾರ್ಮ್ಯಾಟ್ ಅಲ್ಲ

ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಕಾಕಾ ಒಂದು ಪುಡಿ ಡಬ್ಬಿ ತಂದಿದ್ದಾರೆ. ಮೇಲೆ 'ಮೇದೋಜೀರಕ ಗ್ರಂಥಿಯನ್ನು ರೀಪ್ರೋಗ್ರಾಮ್ ಮಾಡುತ್ತದೆ' ಎಂದಿದೆ. "ಮೊಬೈಲ್ ಫಾರ್ಮ್ಯಾಟ್ ಮಾಡಿದಂಗ ತಮ್ಮಾ, ಶುಗರ್ ಎಲ್ಲಾ ಅಳಿಸಿ ಹೋಗ್ತದ" ಅನ್ನುತ್ತಾರೆ. ಈ ಪದ ಹೀಗೆ ಕೆಡುವುದನ್ನು ಈ ತಿಂಗಳು ನೋಡಿದ್ದು ಮೂರನೇ ಸಲ.

ಮೊದಲು ಮೇದೋಜೀರಕ. ಮೇದಸ್ಸು ಅಂದರೆ ಕೊಬ್ಬು, ಜೀರಕ ಅಂದರೆ ಅರಗಿಸುವಂಥದ್ದು. ನಮ್ಮ ಒಗ್ಗರಣೆಯ ಜೀರಿಗೆಗೂ ಸಂಸ್ಕೃತದಲ್ಲಿ ಜೀರಕ ಅಂತಲೇ ಹೆಸರು. ಹೆಸರಿನಲ್ಲಿ ಇನ್ಸುಲಿನ್ ಸುಳಿವೇ ಇಲ್ಲ. ಅದು ತಪ್ಪೂ ಅಲ್ಲ. ಗ್ರಂಥಿಯ ಬಹುಪಾಲು ಅರಗಿಸುವ ರಸ ಮಾಡುವುದರಲ್ಲೇ ಮುಳುಗಿರುತ್ತದೆ. ನಡುನಡುವೆ ಚದುರಿದ ಕೋಶಗಳ ಸಣ್ಣ ಗುಂಪುಗಳನ್ನು 1869ರಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಜರ್ಮನ್ ವಿದ್ಯಾರ್ಥಿ ಗುರುತಿಸಿದ. ಎಲ್ಲಾ ಸೇರಿಸಿದರೂ ಗ್ರಂಥಿಯ ನೂರಕ್ಕೆ ಒಂದೆರಡು ಪಾಲು. ಆಮೇಲೆ ಅವಕ್ಕೆ ದ್ವೀಪಗಳು ಎಂಬ ಹೆಸರು ಬಂತು. ಲ್ಯಾಟಿನ್‌ನಲ್ಲಿ ದ್ವೀಪಕ್ಕೆ ಇನ್ಸುಲಾ. ಸಕ್ಕರೆ ಇಳಿಸುವ ಇನ್ಸುಲಿನ್ ತಯಾರಾಗುವುದು ಈ ದ್ವೀಪಗಳಲ್ಲೇ, ಅದರ ಹೆಸರು ಹುಟ್ಟಿದ್ದೂ ಆ ಪದದಿಂದ.

ಇಲ್ಲಿ ರೀಪ್ರೋಗ್ರಾಮಿಂಗ್ ಅಂದರೆ ಬೇರೆ ಕೆಲಸದಲ್ಲಿರುವ ಕೋಶವನ್ನು, ಉದಾಹರಣೆಗೆ ಅರಗಿಸುವ ರಸ ಮಾಡುವ ಕೋಶವನ್ನು, ಇನ್ಸುಲಿನ್ ಮಾಡುವ ಕೆಲಸಕ್ಕೆ ಹಚ್ಚುವುದು. ಇನ್ಸುಲಿನ್ ಜೀನು ಮೈಯ ಹೆಚ್ಚುಕಡಿಮೆ ಎಲ್ಲಾ ಕೋಶಗಳಲ್ಲೂ ಇದೆ, ಮುಚ್ಚಿಕೊಂಡು ಕೂತಿರುತ್ತದೆ ಅಷ್ಟೇ. ಏನನ್ನೂ ಅಳಿಸುವುದಿಲ್ಲ. ಗಂಜ್‌ನಲ್ಲಿ ತೊಗರಿ ಚೀಲ ಹೊರುವ ಹಮಾಲನನ್ನು ತಕ್ಕಡಿ ಮುಂದೆ ಕೂರಿಸಿದ ಹಾಗೆ. ಆಳು ಅವನೇ, ಕೆಲಸ ಬೇರೆ.

2008ರಲ್ಲಿ ಹಾರ್ವರ್ಡ್‌ನ ಡಗ್ಲಸ್ ಮೆಲ್ಟನ್ ತಂಡ ಇದನ್ನು ಜೀವಂತ ಇಲಿಗಳಲ್ಲಿ ಮಾಡಿ ತೋರಿಸಿತು. ಮೂರು ಜೀನುಗಳನ್ನು ವೈರಸ್ ಮೇಲೆ ಹೊರಿಸಿ ಒಳಗೆ ಕಳಿಸಿದರು. ರಸ ಮಾಡುತ್ತಿದ್ದ ಕೋಶಗಳು ಇನ್ಸುಲಿನ್ ಮಾಡತೊಡಗಿದವು. ಸಕ್ಕರೆ ಇಳಿಯಿತು, ಪೂರ್ತಿ ಸರಿಹೋಗಲಿಲ್ಲ. 2019ರಲ್ಲಿ ಜಿನೀವಾದ ಪೆಡ್ರೊ ಹೆರೆರಾ ತಂಡ ಮನುಷ್ಯರ ಆಲ್ಫಾ ಕೋಶಗಳಿಂದ ಇನ್ಸುಲಿನ್ ಮಾಡಿಸಿತು. ದ್ವೀಪಗಳಲ್ಲೇ ಇರುವ ಈ ಆಲ್ಫಾ ಕೋಶದ ದಿನನಿತ್ಯದ ಕೆಲಸ ಸಕ್ಕರೆ ಏರಿಸುವುದು! ನನಗೆ ಇದೇ ಜಾಸ್ತಿ ಸೋಜಿಗ. ಆ ಕೋಶಗಳನ್ನೂ ಪರೀಕ್ಷಿಸಿದ್ದು ಇಲಿಗಳಲ್ಲೇ. ಮನುಷ್ಯರಿಗೆ ಚಿಕಿತ್ಸೆಯಾಗಿ ಇದು ಇನ್ನೂ ಬಂದಿಲ್ಲ. ಟೈಪ್ 1 ಸಕ್ಕರೆ ಕಾಯಿಲೆ ಇದ್ದವರಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ಕೊಲ್ಲುವುದು ಮೈಯ ಸ್ವಂತ ಕಾವಲು ಪಡೆ. ಹೊಸದಾಗಿ ಕೂರಿಸಿದವರನ್ನು ಅದು ಸುಮ್ನೆ ಬಿಡುತ್ತದಾ?

ಸ್ಟೆಮ್ ಸೆಲ್ ಚಿಕಿತ್ಸೆಗೂ ಇದೇ ಪದ ಅಂಟಿಸುವವರಿದ್ದಾರೆ. ಅಲ್ಲಿ ಇನ್ನೂ ಯಾವ ಕೆಲಸವನ್ನೂ ಹಿಡಿಯದ ಕೋಶಕ್ಕೆ ಕಸುಬು ಕಲಿಸುತ್ತಾರೆ. ಇಲ್ಲಿ ಕೆಲಸದಲ್ಲಿರುವ ಕೋಶದ ಕಸುಬು ಬದಲಿಸುತ್ತಾರೆ. ಎರಡೂ ಒಂದೇ ಅಲ್ಲ.

"ಇಂಜೆಕ್ಷನ್ ಮಾತ್ರ ಬಿಡಬ್ಯಾಡ್ರಿ ಕಾಕಾ" ಎಂದು ಹೇಳಿ ಡಬ್ಬಿ ತಿರುಗಿಸಿ ಓದಿದೆ. ಮೆಂತ್ಯ, ಹಾಗಲಕಾಯಿ, ಜೀರಿಗೆ. ಜೀರಕವಂತೂ ಇದೆ.