ಉದುರಿದ ಅಡಿಕೆ: ಬಾವಲಿಯದೋ, ಕೊಳೆಯದೋ?

ಆಗಸ್ಟ್‌ನ ಒಂದು ಬೆಳಿಗ್ಗೆ ಬೆಳೆಗಾರರೊಬ್ಬರು ಚೀಲದ ತುಂಬ ಉದುರಿದ ಅಡಿಕೆ ತಂದು ನನ್ನ ಮೇಜಿನ ಮೇಲೆ ಸುರಿದರು. "ರಾತ್ರಿಯೆಲ್ಲ ಬಾವಲಿ ಹಾರಾಡ್ತವೆ ಸರ್. ಬಲೆ ಕಟ್ಟಿಸಲಾ?" ಅಂದರು.

ಒಂದು ಕಾಯಿ ಎತ್ತಿ ತೋರಿಸಿದೆ. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಕಲೆ. ಇನ್ನೊಂದರ ಮೈಮೇಲೆ ಹತ್ತಿಯಂಥ ಬಿಳಿ ಬೂಸ್ಟು. ಹಲ್ಲಿನ ಗುರುತು ಒಂದರಲ್ಲೂ ಇಲ್ಲ. ಇದು ಕೊಳೆರೋಗ.

ಬಾವಲಿಗೆ ಹಸಿರು ಕಾಯಿ ರುಚಿಸುವುದಿಲ್ಲ. ನಮ್ಮ ತೋಟಗಳಿಗೆ ಬರುವ ಗಿಡ್ಡ ಮೂತಿಯ ಹಣ್ಣುಬಾವಲಿಗೆ ಬೇಕಾದದ್ದು ಹಣ್ಣಡಿಕೆಯ ಸಿಪ್ಪೆ. ಹಣ್ಣು ಕಿತ್ತುಕೊಂಡು ಪಕ್ಕದ ಮಾವಿಗೋ ಹಲಸಿಗೋ ಹೋಗಿ ತಲೆಕೆಳಗಾಗಿ ನೇತಾಡುತ್ತದೆ. ಸಿಪ್ಪೆ ಜಗಿದು ರಸ ಹೀರಿ, ನಾರು ಉಗುಳಿ, ಅಡಿಕೆಯನ್ನು ಕೆಳಗೆ ಬೀಳಿಸುತ್ತದೆ. ಹಾಗಾಗಿ ಚಳಿಗಾಲದಲ್ಲಿ ಹಲಸಿನ ಮರದ ಬುಡದಲ್ಲಿ ಅಡಿಕೆ ಸಿಗುತ್ತದೆ! ಅದನ್ನು ಹೆಕ್ಕಿ ಒಣಗಿಸಿದರೆ ನಷ್ಟ ಕಡಿಮೆ. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಹಣ್ಣುಬಾವಲಿಗಳಿಂದ ಹರಡುವ ನಿಪಾ ವೈರಸ್ ಬಂದ ಮೇಲೆ ನಾನು ಒಂದು ಮಾತು ಸೇರಿಸುತ್ತೇನೆ: ಅದನ್ನು ಹಲ್ಲಿನಿಂದ ಸುಲಿಯಬೇಡಿ, ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ.

1972ರ ವನ್ಯಜೀವಿ ಕಾಯ್ದೆ ಹಣ್ಣುಬಾವಲಿಯನ್ನು ಇಲಿ, ಕಾಗೆಗಳ ಜೊತೆ ಪೀಡೆಗಳ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆಯಿತು. ನನಗೆ ಅದು ಸಮಾಧಾನ ತಂದಿತು. ಕಾಡಿನ ಎಷ್ಟೋ ಮರಗಳ ಬೀಜ ಹರಡುವುದು ಇದೇ ಬಾವಲಿ.

ಕೊಳೆ ಹಾಗಲ್ಲ. ಅದು ಏನನ್ನೂ ಉಳಿಸುವುದಿಲ್ಲ. ರೂಢಿಯಲ್ಲಿ ಶಿಲೀಂಧ್ರ ಅನ್ನುತ್ತೇವೆ, ಆದರೆ ಕೊಳೆ ತರುವ ಈ ಫೈಟಾಫ್ತೊರಾ ನಿಜವಾಗಿ ಬೇರೆಯೇ ಗುಂಪಿನ ಜೀವಿ. ಅದರ ಬೀಜಾಣುಗಳಿಗೆ ಬಾಲವಿದೆ, ಕಾಯಿಯ ಮೇಲಿನ ನೀರಿನಲ್ಲಿ ಈಜಿಕೊಂಡು ಹೋಗುತ್ತವೆ. ಬಿಡದೆ ಸುರಿಯುವ ಮಳೆ ಅದಕ್ಕೆ ಹಬ್ಬ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಬಗ್ಗೆ ಬರೆದರು. ಅವರು ತೋರಿಸಿದ ಬೋರ್ಡೊ ದ್ರಾವಣವನ್ನೇ ಇವತ್ತೂ ಹೊಡೆಯುತ್ತಿದ್ದೇವೆ.

100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ದ್ರಾವಣದಲ್ಲಿ ಕಬ್ಬಿಣದ ಚಾಕು ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಮಳೆಗಾಲಕ್ಕೆ ಮೊದಲು ಒಂದು ಸಲ, ಸುಮಾರು 40-45 ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕು. ಈ ಬೆಳೆಗಾರರು ಎರಡನೆಯದನ್ನು ಬಿಟ್ಟಿದ್ದರು.

"ಎರಡು ದಿನ ಮಳೆ ಬಿಟ್ಟರೆ ಸಾಕು, ಹೊಡೆಸಿಬಿಡಿ. ಉದುರಿದ ಕಾಯಿ ತೋಟದಲ್ಲಿ ಬಿಡಬೇಡಿ, ಆರಿಸಿ ಹೊರಗೆ ಸಾಗಿಸಿ. ಬಲೆಯ ದುಡ್ಡು ಮೈಲುತುತ್ತಕ್ಕೆ ಹಾಕಿ," ಅಂದೆ. ಅವರು ಮೇಜಿನ ಮೇಲಿನ ಕಾಯಿಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತ ಚೀಲಕ್ಕೆ ತುಂಬಿಕೊಂಡರು.