ಬಿಸಿಲ ನಾಡಿಗೆ ಒಗ್ಗುವ ಪೀಠೋಪಕರಣ

ಕಲಬುರಗಿಯ ಫರ್ನಿಚರ್ ಅಂಗಡಿಗಳಲ್ಲಿ ಇತ್ತೀಚೆಗೆ ‘ಪರಿಸರಸ್ನೇಹಿ’ ಎಂಬ ಚೀಟಿ ಹೊತ್ತ ಕಪಾಟು, ಟಿ.ವಿ. ಸ್ಟ್ಯಾಂಡು, ಓದುವ ಮೇಜುಗಳು ಕಾಣಸಿಗುತ್ತವೆ. ಅವುಗಳಲ್ಲಿ ಅನೇಕವು ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್, ಅಂದರೆ ಮರದ ಚೂರು ಇಲ್ಲವೇ ನಾರಿಗೆ ಅಂಟು ಬೆರೆಸಿ ಒತ್ತಿದ ಹಲಗೆಯಿಂದಾದವು. ಕೆಲವುಗಳ ಮೇಲೆ ‘ಇ-1’ ಎಂಬ ಗುರುತೂ ಇರುತ್ತದೆ. ಈ ಗುರುತು ಯುರೋಪಿನಿಂದ ಬಂದದ್ದು. ಹಲಗೆಯನ್ನು ಪರೀಕ್ಷಾ ಕೋಣೆಯೊಳಗಿಟ್ಟು, 23 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ 45ರಷ್ಟು ಸಾಪೇಕ್ಷ ಆರ್ದ್ರತೆಯಲ್ಲಿ ಅಳೆದಾಗ, ಅಲ್ಲಿನ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಫಾರ್ಮಾಲ್ಡಿಹೈಡ್ ಅನಿಲವು 0.124 ಮಿಲಿಗ್ರಾಂ ಮೀರಬಾರದು ಎಂಬುದು ಅದರ ಅರ್ಥ. ಹೊರಗೆ 42–43 ಡಿಗ್ರಿ ಬಿಸಿಲು ಸುಡುವ ಮೇ ತಿಂಗಳಲ್ಲಿ, ಕಲಬುರಗಿಯ ಆರ್‌ಸಿಸಿ ಮನೆಯ ಮೇಲಂತಸ್ತಿನ ಕೋಣೆಗೆ ಆ 23 ಡಿಗ್ರಿಯ ಸುದ್ದಿಯೇ ಇರುವುದಿಲ್ಲ.

ಈ ವ್ಯತ್ಯಾಸ ಸಣ್ಣದಲ್ಲ. ಮರದ ಚೂರುಗಳನ್ನು ಒಂದಾಗಿಸಲು ಬಳಸುವ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ಅಗ್ಗ, ಬೇಗ ಗಟ್ಟಿಯಾಗುತ್ತದೆ. ಆದರೆ ಅದರ ರಾಸಾಯನಿಕ ಬಂಧಗಳು ಮರಳಿ ಬಿಚ್ಚಿಕೊಳ್ಳುವ ಸ್ವಭಾವದವು. ಶಾಖ ಮತ್ತು ತೇವ ಸೇರಿದಾಗ ಬಂಧ ಮುರಿದು ಫಾರ್ಮಾಲ್ಡಿಹೈಡ್ ಮತ್ತೆ ಗಾಳಿಗೆ ಬರುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಹೀಗೆ ಹೊರಬೀಳುವ ಪ್ರಮಾಣ ಎರಡರಿಂದ ಮೂರು ಪಟ್ಟು ಆಗಬಹುದು. ಹೊಸ ಕಪಾಟಿನ ಬಾಗಿಲು ತೆರೆದೊಡನೆ ಕಣ್ಣು ಚುರುಗುಟ್ಟಿಸುವ ವಾಸನೆ ಇದರದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಈ ಅನಿಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದ್ದು 2004ರಲ್ಲಿ. ತಂಪು ನಾಡಿನ ಕೋಣೆಯಲ್ಲಿ ಗಳಿಸಿದ ಪ್ರಮಾಣಪತ್ರವನ್ನು ಬಿಸಿಲ ನಾಡಿನಲ್ಲಿ ಹಾಗೆಯೇ ನಂಬುವಂತಿಲ್ಲ. ನಮ್ಮ ಭಾಗದ ಪೀಠೋಪಕರಣವನ್ನು ನಮ್ಮ ಹವೆಯನ್ನು ಮುಂದಿಟ್ಟುಕೊಂಡೇ ವಿನ್ಯಾಸ ಮಾಡಬೇಕು ಎಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ಗಟ್ಟಿ ಮರ ಬಳಸಿದರಾಯಿತಲ್ಲ ಎಂದರೆ, ಅಲ್ಲಿಯೂ ಹವೆಯದೇ ತಕರಾರು. ಮರದ ಜೀವಕೋಶಗಳ ಭಿತ್ತಿಯಲ್ಲಿರುವ ನೀರು, ಸುತ್ತಲಿನ ಗಾಳಿ ಒಣಗಿದಂತೆ ಹೊರಹೋಗುತ್ತದೆ, ತೇವವಾದಂತೆ ಒಳಬರುತ್ತದೆ. ಮಳೆಗಾಲದ ಗಾಳಿಗೆ ಪೂರ್ತಿ ಹೊಂದಿಕೊಂಡ ಹಲಗೆಯಲ್ಲಿ ಸುಮಾರು ಶೇ 14ರಷ್ಟು ನೀರಿದ್ದರೆ, ಏಪ್ರಿಲ್-ಮೇ ತಿಂಗಳ ಒಣ ಗಾಳಿಗೆ ಹೊಂದಿಕೊಂಡಾಗ ಅದು ಶೇ 5ರ ಆಸುಪಾಸಿಗೆ ಇಳಿಯುತ್ತದೆ. ಇಷ್ಟು ಏರುಪೇರಿಗೆ ಅಡ್ಡಗೊಯ್ತದ, ಅಂದರೆ ಮರದ ವಾರ್ಷಿಕ ಉಂಗುರಗಳ ಗುಂಟ ಕೊಯ್ದ, 30 ಸೆಂಟಿಮೀಟರ್ ಅಗಲದ ತೇಗದ ಹಲಗೆ ಅಗಲದಲ್ಲಿ ಐದಾರು ಮಿಲಿಮೀಟರ್ ಕುಗ್ಗಬಲ್ಲದು. ಎಣ್ಣೆ, ವಾರ್ನಿಶ್ ಬಳಿದರೆ ಕುಗ್ಗುವ ವೇಗ ತಗ್ಗುತ್ತದೆಯೇ ಹೊರತು ಕುಗ್ಗುವುದು ನಿಲ್ಲುವುದಿಲ್ಲ. ಮೇಜಿನ ಮೇಲ್ಹಲಗೆಯನ್ನು ಚೌಕಟ್ಟಿಗೆ ಅಲುಗಾಡದಂತೆ ಮೊಳೆ ಹೊಡೆದು ಬಿಗಿದರೆ ಬೇಸಿಗೆಯಲ್ಲಿ ಅದು ಸೀಳದೆ ಬೇರೆ ದಾರಿಯಿಲ್ಲ. ಸ್ಕ್ರೂ ಕೂರುವ ತೂತನ್ನು ಉದ್ದನೆಯ ಸೀಳಿನಂತೆ ಕೊರೆದು, ಹಲಗೆಗೆ ಜರುಗಾಡಲು ಎಡೆ ಬಿಡುವ ಬಡಿಗನ ಮೇಜು ಬಾಳಿಕೆ ಬರುತ್ತದೆ.

ಒಣ ಹವೆಯಿಂದ ಲಾಭವೂ ಇದೆಯೆನ್ನಬೇಕು. ಮರವನ್ನು ಕೊಳೆಸುವ ಶಿಲೀಂಧ್ರಗಳಿಗೆ ಅದರಲ್ಲಿ ಶೇ 20ಕ್ಕೂ ಹೆಚ್ಚು ನೀರಿರಬೇಕು. ಬೀದರ್ ಕೋಟೆಯೊಳಗಿನ ರಂಗೀನ್ ಮಹಲ್ 16ನೇ ಶತಮಾನದಲ್ಲಿ ಅಲಿ ಬರೀದ್ ಶಾಹನ ಕಾಲದಲ್ಲಿ ಈಗಿನ ರೂಪಕ್ಕೆ ಬಂದದ್ದು. ಅದರ ಕೆತ್ತನೆಯ ಮರದ ಕಂಬಗಳು ಇಂದಿಗೂ ನಿಂತಿರುವುದಕ್ಕೆ ಆ ಕುಶಲಕರ್ಮಿಗಳ ಕೈಯ ಜೊತೆಗೆ ಬೀದರಿನ ಹವೆಗೂ ಪಾಲು ಸಲ್ಲಬೇಕು.

ಕಲಬುರಗಿ, ಬೀದರ್, ಯಾದಗಿರಿ ಈ ಮೂರೂ ಜಿಲ್ಲೆಗಳಲ್ಲಿ ಕಾಡು ಕಡಿಮೆ. ತೇಗವೂ ಬಿದಿರೂ ದೂರದಿಂದಲೇ ಬರಬೇಕು. ಯಾರೂ ನೆಡದೆ, ಯಾರೂ ನೀರೆರೆಯದೆ ಹಳ್ಳದ ದಂಡೆ, ಕೆರೆಯಂಗಳ, ಪಾಳುಬಿದ್ದ ಹೊಲಗಳನ್ನೆಲ್ಲ ಆಕ್ರಮಿಸಿರುವುದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಭಾರತಕ್ಕೆ ತಂದ ಈ ಮರವನ್ನು ನಮ್ಮಲ್ಲಿ ಕಡಿದರೆ ಉರುವಲು, ಇಲ್ಲವೇ ಇದ್ದಿಲು. ಆದರೆ ಇದೇ ಕುಲದ ಮರಗಳಿಂದ ಅರ್ಜೆಂಟೀನಾದಲ್ಲಿ ಬಾಗಿಲು, ಕುರ್ಚಿ, ಮೇಜುಗಳನ್ನೂ, ಅಮೆರಿಕದ ಟೆಕ್ಸಸ್‌ನಲ್ಲಿ ನೆಲಹಾಸು ಹಲಗೆಗಳನ್ನೂ ಮಾಡುತ್ತಾರೆ. ಕಾರಣವಿಷ್ಟೇ: ಕೆಂಪು-ಕಂದು ಬಣ್ಣದ ಇದರ ಚೇಗು (ಬೊಡ್ಡೆಯ ಒಳಮರ) ಗಡುಸು, ಮತ್ತು ಒಣಗುವಾಗ ತೇಗಕ್ಕಿಂತಲೂ ಕಡಿಮೆ ಕುಗ್ಗುತ್ತದೆ. ಋತುವಿನಿಂದ ಋತುವಿಗೆ ಗಾಳಿಯ ತೇವ ಇಷ್ಟು ಏರಿಳಿಯುವ ನಾಡಿಗೆ ಇದಕ್ಕಿಂತ ಅನುಕೂಲವಾದ ಗುಣ ಬೇರೆ ಯಾವುದಿದೆ?

ಅಡ್ಡಿಯಿರುವುದು ಮರದ ಆಕಾರದಲ್ಲಿ. ಜಾಲಿಯ ಬೊಡ್ಡೆ ಗಿಡ್ಡ, ಸೊಟ್ಟ, ಬುಡದಿಂದಲೇ ಕವಲು. ಆರಡಿ ಉದ್ದದ ನೇರ ಹಲಗೆ ಅದರಲ್ಲಿ ಸಿಗುವುದು ಅಪರೂಪ. ಎರಡಡಿಯ ತುಂಡುಗಳು ಬೇಕಾದಷ್ಟು ಸಿಗುತ್ತವೆ. ವಿನ್ಯಾಸಕಾರನ ಸೃಜನಶೀಲತೆಗೆ ಕೆಲಸ ಬೀಳುವುದು ಇಲ್ಲಿಯೇ: ಗಿಡ್ಡ ಕಾಲಿನ ಸ್ಟೂಲು, ಸಣ್ಣ ಪಟ್ಟಿಗಳನ್ನು ಒತ್ತೊತ್ತಾಗಿ ಜೋಡಿಸಿದ ಮೇಜಿನ ಮೇಲ್ಭಾಗ, ತುದಿಗಳನ್ನು ಬೆರಳುಗಳಂತೆ ಕೊರೆದು ಒಂದರೊಳಗೊಂದು ಕೂರಿಸಿದ ಉದ್ದನೆಯ ಪಟ್ಟಿ. ಕಡಿದ ಕೂಡಲೇ ಹಸಿಯಾಗಿಯೇ ಕೊಯ್ದು, ತುದಿಗಳಿಗೆ ಮೇಣ ಅಥವಾ ಬಣ್ಣ ಬಳಿದು, ನೆರಳಿನಲ್ಲಿ ನಡುವೆ ಪಟ್ಟಿಯಿಟ್ಟು ಪೇರಿಸಿ ನಿಧಾನವಾಗಿ ಒಣಗಿಸಬೇಕು. ಬಿಸಿಲಿಗಿಟ್ಟರೆ ತುದಿಗಳು ಬಿರಿಯುತ್ತವೆ. ಬಿಳಿಯ ಹೊರಮರಕ್ಕೆ ಕೊರಕ ಹುಳು ಬೇಗ ಬೀಳುವುದರಿಂದ ಅದನ್ನು ಕೊಯ್ದು ತೆಗೆಯಬೇಕು, ಇಲ್ಲವೇ ಬೋರಾಕ್ಸ್-ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಬೇಕು. ಒಣಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲವೇ ಆದ್ದರಿಂದ, 20 ಕಿಲೋ ತೂಕದ ಒಂದು ಮೇಜು ಗಾಳಿಯಿಂದ ಹೀರಿದ 36 ಕಿಲೋದಷ್ಟು ಇಂಗಾಲದ ಡೈಆಕ್ಸೈಡನ್ನು ಹಿಡಿದಿಟ್ಟಂತೆ. ಅದೇ ಮರ ಇದ್ದಿಲ ಭಟ್ಟಿಗೆ, ಅಲ್ಲಿಂದ ಒಲೆಗೆ ಹೋದರೆ ಅಷ್ಟೂ ಮರಳಿ ಗಾಳಿಗೆ. ಹಾಗೆಂದು ಮೇಜು ಮಾಡಲು ಜಾಲಿಯನ್ನು ಬೆಳೆಸಬೇಕಿಲ್ಲ, ಇರುವುದೇ ಹೆಚ್ಚಾಗಿದೆ.

ಹಲಗೆಯೇ ಬೇಕೆಂದರೆ ತೊಗರಿ ಕಟ್ಟಿಗೆಯಿದೆ. ಯಾದಗಿರಿಯ ಕಡೆ ಹತ್ತಿ ಕಟ್ಟಿಗೆಯೂ ಉಂಟು. ಹತ್ತಿ ಕಟ್ಟಿಗೆಯನ್ನು ಚೂರು ಮಾಡಿ, ಅಂಟು ಬೆರೆಸಿ, ಬಿಸಿ ಪ್ರೆಸ್‌ನಲ್ಲಿ ಒತ್ತಿ ಪಾರ್ಟಿಕಲ್ ಬೋರ್ಡ್ ಮಾಡುವ ವಿಧಾನವನ್ನು ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ರೂಪಿಸಿದೆ. ತೊಗರಿಯದೂ ಮರದಂಥ ಕಾಂಡವೇ. ಅಂಟು ಮಾತ್ರ ಹಳೆಯದೇ ಆದರೆ ಮೇ ತಿಂಗಳ ವಾಸನೆ ತಪ್ಪದು. ಇದಕ್ಕೊಂದು ದಾರಿ ತೋರಿಸಿದ್ದು ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಕೈಚಾಂಗ್ ಲಿ. ಸಮುದ್ರದ ಬಂಡೆಗೆ ಅಲೆಯ ಹೊಡೆತದಲ್ಲೂ ಅಂಟಿಕೊಂಡಿರುವ ಚಿಪ್ಪುಜೀವಿಯ ಪ್ರೋಟೀನನ್ನು ಮಾದರಿಯಾಗಿಟ್ಟುಕೊಂಡು ಅವರು ಸೋಯಾ ಹಿಟ್ಟಿನ ಪ್ರೋಟೀನಿನಿಂದ ಫಾರ್ಮಾಲ್ಡಿಹೈಡ್ ಬೆರೆಸದ ಅಂಟು ಸಿದ್ಧಪಡಿಸಿದರು; ಅದು ಈಗ ಅಲ್ಲಿ ಪ್ಲೈವುಡ್ ತಯಾರಿಕೆಯಲ್ಲಿ ಬಳಕೆಯಲ್ಲಿದೆ. ಸೋಯಾ ಬೀದರ್ ಜಿಲ್ಲೆಯ ಮುಖ್ಯ ಮುಂಗಾರು ಬೆಳೆ ಎಂಬುದನ್ನು ಇಲ್ಲಿ ನೆನೆಯಬಹುದು. ಆದರೆ ತೊಗರಿ ಕಟ್ಟಿಗೆ ಈಗಲೂ ಎಷ್ಟೋ ಮನೆಗಳ ಉರುವಲು. ಅದನ್ನು ಪೂರ್ತಿ ಕಾರ್ಖಾನೆಗೆ ಸಾಗಿಸಿ ‘ತ್ಯಾಜ್ಯದಿಂದ ಮೇಜು’ ಎಂದು ಹೇಳಿಕೊಳ್ಳುವುದು ನನಗೆ ಸರಿಕಾಣದು. ಹೊಲದ ಬದುವಿನಲ್ಲಿ ಸುಟ್ಟುಹಾಕುವಷ್ಟನ್ನು ಬಳಸಿದರೆ ಸಾಕು. ಈ ಕಟ್ಟಿಗೆಯ ಹೊರೆಗೆ ಗಾತ್ರ ಹೆಚ್ಚು, ತೂಕ ಕಡಿಮೆಯಾದ್ದರಿಂದ ದೂರ ಸಾಗಿಸಿದರೆ ಲಾರಿಯ ಡೀಸೆಲ್ಲಿಗೂ ಹುಟ್ಟುವುದಿಲ್ಲ. ಪ್ರೆಸ್ ಹೊಲದ ಹತ್ತಿರವೇ ಇರಬೇಕು.

ಅಂಟನ್ನೇ ಬಯಸದ ವಿನ್ಯಾಸವೊಂದು ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದಲೂ ಇದೆ: ಹೊರಸು. ನಾಲ್ಕು ಕಾಲು, ಕಾಲಿನ ತೂತುಗಳಲ್ಲಿ ತುದಿ ಕೂರಿಸಿದ ನಾಲ್ಕು ಪಟ್ಟಿ, ನಡುವೆ ಹಗ್ಗದ ನೇಯ್ಗೆ. ನೇಯ್ಗೆಯ ಬಿಗಿತವೇ ಪಟ್ಟಿಗಳನ್ನು ಒಳಕ್ಕೆಳೆದು ಕಾಲುಗಳಲ್ಲಿ ಭದ್ರವಾಗಿ ಕೂರಿಸುವುದರಿಂದ ಮೊಳೆ ಬೇಕಿಲ್ಲ. ಬೇಸಿಗೆಯಲ್ಲಿ ಮರ ಕುಗ್ಗಿ ಕೀಲು ಸಡಿಲವಾದರೆ ಕಾಲ ಕಡೆಯ ಹಗ್ಗ ಎಳೆದು ಬಿಗಿದರಾಯಿತು. ಕಾಲು ಮುರಿದರೆ ಕಾಲನ್ನು, ಹಗ್ಗ ಹರಿದರೆ ಹಗ್ಗವನ್ನು ಮಾತ್ರ ಬದಲಿಸಬಹುದು. ಕೀಲು ಬಿಚ್ಚುವಂಥ ಕುರ್ಚಿ, ಸೋಫಾಗಳಿಗೆ ಇದಕ್ಕಿಂತ ಒಳ್ಳೆಯ ಮೂಲಮಾದರಿ ಬೇಡ. ನೈಲಾನ್ ಬರುವ ಮುಂಚೆ ಹಗ್ಗಕ್ಕೆ ಪುಂಡಿ ನಾರು ಒದಗುತ್ತಿತ್ತು. ನಾವು ಎಳೆ ಸೊಪ್ಪನ್ನು ಪಲ್ಯ ಮಾಡಿ ತಿನ್ನುವ ಆ ಪುಂಡಿಯೇ, ಬಲಿತ ಮೇಲೆ ಅದರ ಕಾಂಡವನ್ನು ನೀರಿನಲ್ಲಿ ನೆನೆಹಾಕಿದರೆ ಬ್ಯಾಕ್ಟೀರಿಯಾಗಳು ತೊಗಟೆಯ ಅಂಟುದ್ರವ್ಯವನ್ನು ತಿಂದು ನಾರು ಬಿಡಿಸಿಕೊಡುತ್ತವೆ. ಫೋರ್ಡ್ ಕಂಪನಿ ತನ್ನ 2013ರ ಎಸ್ಕೇಪ್ ಕಾರಿನ ಬಾಗಿಲ ಒಳಭಾಗಕ್ಕೆ ಪ್ಲಾಸ್ಟಿಕ್ ಜೊತೆ ಬೆರೆಸಿದ್ದು ಇದೇ ಗಿಡದ ನಾರನ್ನು.

ಪುಂಡಿ ಹಗ್ಗಕ್ಕೆ ನೈಲಾನಿನಷ್ಟು ಬಾಳಿಕೆಯಿಲ್ಲ. ಮಳೆಯಲ್ಲಿ ನೆನೆದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಆದ್ದರಿಂದ ಇಂಥ ಕುರ್ಚಿಗಳು ಒಳಮನೆಗೇ ಸರಿ. ಅಂಗಳಕ್ಕೆ, ಬಸ್ ನಿಲ್ದಾಣಕ್ಕೆ ಶಹಾಬಾದ್ ಕಲ್ಲಿನ ಆಸನವೇ ವಾಸಿ. ಪದರಪದರವಾಗಿ ತಾನೇ ಬಿಟ್ಟುಕೊಳ್ಳುವ ಸುಣ್ಣಕಲ್ಲು ಅದಾದ್ದರಿಂದ ಮೇಲ್ಮೈ ಸಮಮಾಡಲು ಹೆಚ್ಚು ಗರಗಸದ ಕೆಲಸ ಬೇಡ, ಗಣಿಯ ಬಳಿ ಉಳಿಯುವ ತುಂಡುಗಳೇ ಸಾಕು. ಅಂಥದೇ ನಾಲ್ಕು ಚೂರುಗಳನ್ನು ಮನೆಯೊಳಗಿನ ಜಾಲಿ ಮಂಚದ ಕಾಲ ಕೆಳಗಿಟ್ಟರೆ ಮರಕ್ಕೆ ನೆಲದ ತೇವ ತಾಗುವುದಿಲ್ಲ. ಗೆದ್ದಲು ಹತ್ತಬೇಕಾದರೂ ಕಲ್ಲಿನ ಮೇಲೆ ಮಣ್ಣಿನ ದಾರಿ ಕಟ್ಟಿಯೇ ಹತ್ತಬೇಕಾಗಿ, ಕಸ ಗುಡಿಸುವವರ ಕಣ್ಣಿಗೆ ಬೇಗ ಬೀಳುತ್ತದೆ.